ಸಿಸಿಎನ್‌ಎ ಅಭ್ಯಾಸಕ್ಕೆ ಹಳೆಯ ರೂಟರ್ ಕೊಳ್ಳಬೇಕೇ?

ನಮಸ್ಕಾರ. ಸಿಸ್ಕೋ ಕಂಪನಿಯ ನೆಟ್‌ವರ್ಕಿಂಗ್ ಪ್ರಮಾಣಪತ್ರವಾದ ಸಿಸಿಎನ್‌ಎ ಪರೀಕ್ಷೆಗೆ ಪ್ಯಾಕೆಟ್ ಟ್ರೇಸರ್ (ಕಂಪ್ಯೂಟರಿನಲ್ಲೇ ನೆಟ್‌ವರ್ಕ್ ಕಟ್ಟಿ ನೋಡುವ ತಂತ್ರಾಂಶ) ಸಾಕೇ, ಹಳೆಯ ರೂಟರ್ ಮತ್ತು ಸ್ವಿಚ್ ಕೊಳ್ಳಬೇಕೇ, ಸಬ್‌ನೆಟ್ ಲೆಕ್ಕದ (ನೆಟ್‌ವರ್ಕನ್ನು ಸಣ್ಣ ಭಾಗಗಳಾಗಿ ಒಡೆಯುವ ಲೆಕ್ಕದ) ವೇಗ ಹೆಚ್ಚುವುದು ಹೇಗೆ ಎಂದು ಕೇಳಿದ್ದೀರಿ. ಉಪಕರಣಗಳಿಗೆ ಹಣ ಹಾಕುವ ಅಗತ್ಯವಿಲ್ಲ. ವಿಲ್ಯಾನ್, ಟ್ರಂಕ್, ನ್ಯಾಟ್, ಒಎಸ್‌ಪಿಎಫ್ (ರೂಟರ್‌ಗಳು ಪರಸ್ಪರ ದಾರಿಗಳನ್ನು ಕಲಿಯುವ ವಿಧಾನ) ಮುಂತಾದ ಪಠ್ಯ ವಿಷಯಗಳನ್ನು ಸಿಸ್ಕೋ ಉಚಿತವಾಗಿ ನೀಡುವ ಪ್ಯಾಕೆಟ್ ಟ್ರೇಸರ್‌ನಲ್ಲಿಯೇ ಅಭ್ಯಾಸ ಮಾಡಬಹುದು.

ಸಬ್‌ನೆಟ್ ಲೆಕ್ಕದ ವೇಗದ ಬಗೆಗಿನ ನಿಮ್ಮ ಚಿಂತೆ ನಿಜಕ್ಕೂ ಮುಖ್ಯವಾದದ್ದು, ಏಕೆಂದರೆ ಪರೀಕ್ಷೆಯ ಅವಧಿ 120 ನಿಮಿಷ ಮಾತ್ರ ಮತ್ತು ಒಮ್ಮೆ ದಾಟಿದ ಪ್ರಶ್ನೆಗೆ ಮರಳಲು ಅವಕಾಶವಿಲ್ಲ. ಎಲ್ಲವನ್ನೂ ಬೈನರಿಗೆ ಬದಲಿಸುತ್ತ ಕೂರದೆ, ಬ್ಲಾಕ್ ಗಾತ್ರದಿಂದ ಲೆಕ್ಕ ಹಾಕಿ. 192.168.10.77/26 ಎಂದು ಕೊಟ್ಟರೆ ವಿಳಾಸದ ಮೊದಲ 26 ಬಿಟ್‌ಗಳು ನೆಟ್‌ವರ್ಕ್‌ನ ಗುರುತು ಎಂದರ್ಥ; ಅದರ ಮಾಸ್ಕ್ 255.255.255.192, ಕೊನೆಯ ಭಾಗ 192. ಅದನ್ನು 256ರಿಂದ ಕಳೆದರೆ ಬ್ಲಾಕ್ ಗಾತ್ರ 64. ಬ್ಲಾಕ್‌ಗಳು 0, 64, 128 ಎಂದು ಶುರುವಾಗುವುದರಿಂದ 77 ಬೀಳುವುದು 64ರ ಬ್ಲಾಕ್‌ನಲ್ಲಿ. ಹಾಗಾಗಿ ನೆಟ್‌ವರ್ಕ್ ವಿಳಾಸದ ಕೊನೆಯ ಸಂಖ್ಯೆ 64, ಬ್ರಾಡ್‌ಕಾಸ್ಟ್‌ನದು (ಎಲ್ಲ ಸಾಧನಗಳಿಗೂ ಒಟ್ಟಿಗೆ ಕಳುಹಿಸುವ ವಿಳಾಸದ್ದು) 127, ನಡುವಿನ 62 ವಿಳಾಸಗಳು ಹೋಸ್ಟ್‌ಗಳಿಗೆ, ಅಂದರೆ ಸಾಧನಗಳಿಗೆ. ದಿನವೂ ಇಂತಹ ಹತ್ತಾರು ಲೆಕ್ಕಗಳನ್ನು ಕಾಗದದ ಮೇಲೆ ಮಾಡಿ. ಪರೀಕ್ಷೆಯಲ್ಲಿ ಕ್ಯಾಲ್ಕ್ಯುಲೇಟರ್ ಇರುವುದಿಲ್ಲ.

ನೀವು ಕೇಳದಿದ್ದರೂ ಒಂದು ಮಾತು ಸೇರಿಸುತ್ತೇನೆ. ಸಿಸಿಎನ್‌ಎ ಪರೀಕ್ಷೆಯ (ಸಂಕೇತ 200-301) ಪಠ್ಯಕ್ರಮದಲ್ಲಿ ಅತಿ ಹೆಚ್ಚಿನ ಪಾಲು, ಅಂದರೆ ಶೇ. 25, ಐಪಿ ಕನೆಕ್ಟಿವಿಟಿಗೆ, ಅಂದರೆ ಪ್ಯಾಕೆಟ್‌ಗಳು ದಾರಿ ಹಿಡಿಯುವ ವಿಷಯಕ್ಕೆ, ಮೀಸಲಾಗಿದೆ. ಉದಾಹರಣೆಗೆ, ರೂಟರ್‌ನ ದಾರಿಗಳ ಪಟ್ಟಿಯಾದ ರೂಟಿಂಗ್ ಟೇಬಲ್‌ನಲ್ಲಿ 10.1.0.0/16ಕ್ಕೆ ಸ್ಟ್ಯಾಟಿಕ್ ರೂಟ್ (ಕೈಯಾರೆ ಬರೆದ ದಾರಿ), 10.1.1.0/24ಕ್ಕೆ ಒಎಸ್‌ಪಿಎಫ್ ರೂಟ್ ಇದ್ದಾಗ 10.1.1.5ಕ್ಕೆ ಹೊರಟ ಪ್ಯಾಕೆಟ್ ಎರಡನೆಯದನ್ನೇ ಹಿಡಿಯುತ್ತದೆ. ಸ್ಟ್ಯಾಟಿಕ್ ರೂಟ್‌ನ ಅಡ್ಮಿನಿಸ್ಟ್ರೇಟಿವ್ ಡಿಸ್ಟೆನ್ಸ್ (ಕಡಿಮೆಯಿದ್ದಷ್ಟೂ ದಾರಿಯ ಮೂಲ ಹೆಚ್ಚು ನಂಬಿಕೆಯದು ಎಂಬ ಅಂಕ) 1, ಒಎಸ್‌ಪಿಎಫ್‌ನದು 110 ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ; ಉದ್ದದ ಪ್ರಿಫಿಕ್ಸ್‌ಗೇ (ಇಲ್ಲಿ /16ಕ್ಕಿಂತ /24ಕ್ಕೆ) ಮೊದಲ ಮನ್ನಣೆ. ಇದನ್ನು ಪ್ಯಾಕೆಟ್ ಟ್ರೇಸರ್‌ನಲ್ಲಿ ಕಟ್ಟಿ, ಪ್ಯಾಕೆಟ್ ಹೋದ ದಾರಿ ತೋರಿಸುವ ಟ್ರೇಸ್‌ರೂಟ್ ಆದೇಶ ಕೊಟ್ಟು ನೀವೇ ಪರೀಕ್ಷಿಸಿ ನೋಡಿ.