ಆರ್ದ್ರೆ ತಿರುಗುತ್ತಿದೆಯೇ, ಕುದಿಯುತ್ತಿದೆಯೇ?

ಪತ್ರ: ಸಂಪಾದಕರೇ, ಆರ್ದ್ರಾ ನಕ್ಷತ್ರ ತನ್ನ ಸುತ್ತ ಒಮ್ಮೆ ತಿರುಗಲು 36 ವರ್ಷ ಬೇಕೆಂದು ನಿಮ್ಮ ಮಕ್ಕಳ ರಸಪ್ರಶ್ನೆಯಲ್ಲಿ ಉತ್ತರ ಕೊಟ್ಟಿದ್ದಿರಿ. ಕೆಲವು ತಿಂಗಳ ಮೇಲೆ, ಅದು ತಿರುಗುತ್ತಿದೆಯೆಂಬುದೇ ಅನುಮಾನ ಎಂಬ ಲೇಖನ ಹಾಕಿದಿರಿ. ಪರೀಕ್ಷೆಯಲ್ಲಿ ಬಂದರೆ ಯಾವುದನ್ನು ಬರೆಯಲಿ ಎಂದು ನನ್ನ ಮೊಮ್ಮಗಳು ಕೇಳುತ್ತಾಳೆ. ಖಚಿತವಾಗದ ಸಂಗತಿಯನ್ನು ಅಚ್ಚು ಹಾಕುವ ಅವಸರವೇನಿತ್ತು?
– ನಿವೃತ್ತ ಉಪಾಧ್ಯಾಯರೊಬ್ಬರು, ಸೋಮವಾರಪೇಟೆ ತಾಲ್ಲೂಕು

ಸಂಪಾದಕರ ಉತ್ತರ:

ಮಾನ್ಯರೇ, ತಮ್ಮ ದೂರಿನಲ್ಲಿ ನ್ಯಾಯವಿದೆ. ಅಳೆದವರು 36 ವರ್ಷದ ಜೊತೆಗೆ ‘ಎಂಟು ವರ್ಷ ಹೆಚ್ಚು ಕಡಿಮೆ’ ಎಂದೂ ಬರೆದಿದ್ದರು. ಅದನ್ನು ಜಾಗದ ನೆಪ ಹೇಳಿ ಕತ್ತರಿಸಿದವನು ನಾನೇ. ಆದರೆ ಖಚಿತವಾಗುವ ತನಕ ಕಾಯಬೇಕಿತ್ತು ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ಹಾಗೆ ಕಾಯುತ್ತ ಕುಳಿತರೆ ನಕ್ಷತ್ರಗಳ ಬಗ್ಗೆ ಈ ಪತ್ರಿಕೆಯಲ್ಲಿ ಬರೆಯಲು ಪಂಚಾಂಗದ ಹೊರತು ಬೇರೇನೂ ಉಳಿಯುವುದಿಲ್ಲ.

ಆ 36 ವರ್ಷ ಎಲ್ಲಿಂದ ಬಂತೆಂಬುದನ್ನು ಮೊದಲು ಹೇಳಬೇಕು. ಚಿಲಿ ದೇಶದ ಅಟಕಾಮ ಮರುಭೂಮಿಯ ಎತ್ತರದಲ್ಲಿರುವ ‘ಆಲ್ಮಾ’ ರೇಡಿಯೊ ದೂರದರ್ಶಕಗಳ ಸಮೂಹದಿಂದ ಆರ್ದ್ರೆಯನ್ನು ನೋಡಿದ ತಂಡವೊಂದು, ಅದರ ಒಂದು ಅಂಚು ನಮ್ಮತ್ತ ಬರುತ್ತಿರುವಂತೆಯೂ ಎದುರಿನ ಅಂಚು ನಮ್ಮಿಂದ ದೂರ ಸರಿಯುತ್ತಿರುವಂತೆಯೂ ಕಾಣುತ್ತದೆಂದು 2018ರಲ್ಲಿ ಪ್ರಕಟಿಸಿತು. ವೇಗ ಸೆಕೆಂಡಿಗೆ ಸುಮಾರು 5 ಕಿಲೋಮೀಟರ್. ಸೂರ್ಯನ ಜಾಗದಲ್ಲಿಟ್ಟರೆ ಮಂಗಳನ ಕಕ್ಷೆಯನ್ನೂ ಮೀರಿ ಹಬ್ಬುವ ಆ ಕಾಯದ ಸುತ್ತಳತೆಯನ್ನು ಈ ವೇಗದಿಂದ ಭಾಗಿಸಿದರೆ ಮೂವತ್ತು, ನಲವತ್ತು ವರ್ಷಗಳ ಲೆಕ್ಕ ಸಿಗುತ್ತದೆ.

ಸೆಕೆಂಡಿಗೆ 5 ಕಿಲೋಮೀಟರ್ ಎಂಬುದು ಇಷ್ಟು ದೊಡ್ಡ ನಕ್ಷತ್ರಕ್ಕೆ ಕಡಿಮೆಯಲ್ಲ, ವಿಪರೀತ ಹೆಚ್ಚು. ಗದ್ದೆಯಲ್ಲಿ ಹಕ್ಕಿ ಓಡಿಸಲು ಕವಣೆ ಬೀಸಿದವರಿಗೆ ಇದು ಗೊತ್ತು: ಹಗ್ಗ ಉದ್ದ ಬಿಟ್ಟಷ್ಟೂ ಸುತ್ತು ನಿಧಾನವಾಗುತ್ತದೆ. ಒಡಲೊಳಗಿನ ಹೈಡ್ರೋಜನ್ ಮುಗಿದು ಹೊರಮೈ ನೂರಾರು ಪಟ್ಟು ಉಬ್ಬಿದ ನಕ್ಷತ್ರವೂ ಹಾಗೆಯೇ ನಿಧಾನವಾಗಬೇಕು. ಒಂಟಿಯಾಗಿ ಮುದಿಯಾದ ನಕ್ಷತ್ರದಿಂದ ನಿರೀಕ್ಷಿಸುವುದಕ್ಕಿಂತ ಆರ್ದ್ರೆಯ ವೇಗ ಸುಮಾರು ನೂರು ಪಟ್ಟು ಹೆಚ್ಚಾದ್ದರಿಂದ, ಅದು ಹಿಂದೊಮ್ಮೆ ತನ್ನ ಜೊತೆಗಾರ ನಕ್ಷತ್ರವನ್ನೇ ನುಂಗಿ ಆ ಸುತ್ತಿನ ಬಲವನ್ನು ತನ್ನದಾಗಿಸಿಕೊಂಡಿರಬೇಕೆಂಬ ವಾದವೂ ಹುಟ್ಟಿತು.

2024ರಲ್ಲಿ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಖಭೌತ ಸಂಸ್ಥೆಯ ಸಂಶೋಧಕರ ನೇತೃತ್ವದ ತಂಡವೊಂದು ಬೇರೆಯೇ ಪ್ರಶ್ನೆ ಎತ್ತಿತು: ನಾವು ನೋಡುತ್ತಿರುವುದು ತಿರುಗುವಿಕೆಯೋ, ಬರೀ ಕುದಿತವೋ? ಈ ಪ್ರಶ್ನೆಯನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ದೊಡ್ಡಮ್ಮನ ಒಲೆ. ಮಳೆಗಾಲದಲ್ಲಿ ಕಾಚಂಪುಳಿಗಾಗಿ ಹುಳಿಹಣ್ಣಿನ ರಸವನ್ನು ದೊಡ್ಡ ಮಡಕೆಯಲ್ಲಿ ಕಾಯಿಸುತ್ತಿದ್ದರು. ಹತ್ತಿರ ಹೋಗಿ ಬಗ್ಗಿದರೆ ಹುಳಿ ಆವಿಗೆ ನನ್ನ ಕನ್ನಡಕ ಮಂಜಾಗಿ, ಒಂದು ಬದಿಯಲ್ಲಿ ಕಪ್ಪು ರಸ ಉಕ್ಕಿ ಮೇಲೇರುವುದೂ ಇನ್ನೊಂದು ಬದಿಯಲ್ಲಿ ಅದು ತಗ್ಗಿ ಕೆಳಗಿಳಿಯುವುದೂ ಮಸುಕು ಮಸುಕಾಗಿ ಕಾಣುತ್ತಿತ್ತು. ಯಾರೋ ಸೌಟು ಹಾಕಿ ತಿರುಗಿಸುತ್ತಿದ್ದಾರೆಂದೇ ನಾನು ಭಾವಿಸಿದ್ದೆ. ದೊಡ್ಡಮ್ಮ ಗೋಡೆಯ ಕಡೆ ಕೈ ತೋರಿಸಿದರು. ಸೌಟು ಮೊಳೆಯಲ್ಲಿ ನೇತಾಡುತ್ತಿತ್ತು.

ಆರ್ದ್ರೆಯ ಮೇಲ್ಮೈಯ ಗುಳ್ಳೆಗಳು ಭೂಮಿ ಸೂರ್ಯನನ್ನು ಸುತ್ತುವ ಕಕ್ಷೆಯಷ್ಟು ದೊಡ್ಡವಾಗಿರಬಲ್ಲವು. ಸೆಕೆಂಡಿಗೆ 30 ಕಿಲೋಮೀಟರ್‌ವರೆಗಿನ ವೇಗದಲ್ಲಿ ಅವು ಏರಿಳಿಯಬಲ್ಲವು. ಅಂಥ ಒಂದು ಗುಳ್ಳೆ ಒಂದು ಪಕ್ಕದಲ್ಲಿ ಏಳುತ್ತ ಮತ್ತೊಂದು ಎದುರು ಪಕ್ಕದಲ್ಲಿ ಇಳಿಯುತ್ತಿದ್ದರೆ, ಕೆಲವೇ ಚುಕ್ಕೆಗಳ ಅಗಲದ ಮಸುಕು ಚಿತ್ರದಲ್ಲಿ ಅದು ತಿರುಗುವ ಗೋಳದಂತೆಯೇ ಕಂಡೀತು. ಆ ತಂಡದವರು ತಿರುಗದೆ ಬರೀ ಕುದಿಯುವ ನಕ್ಷತ್ರಗಳನ್ನು ಕಂಪ್ಯೂಟರಿನಲ್ಲಿ ಸೃಷ್ಟಿಸಿ ಆಲ್ಮಾದ ಕಣ್ಣಿನಿಂದ ನೋಡಿದಾಗ, ಶೇ. 90ರಷ್ಟು ಸಲ ಅವು ಸೆಕೆಂಡಿಗೆ ಕೆಲವು ಕಿಲೋಮೀಟರ್ ವೇಗದಲ್ಲಿ ತಿರುಗುತ್ತಿರುವಂತೆ ತೋರಿದವು. ಹಾಗೆಂದು ಆರ್ದ್ರೆ ತಿರುಗುತ್ತಿಲ್ಲವೆಂದು ಅವರು ಸಾರಿಲ್ಲ. ಇನ್ನೂ ಸ್ಪಷ್ಟವಾದ ಚಿತ್ರ ಬೇಕು ಎಂದಿದ್ದಾರೆ, ಅಷ್ಟೇ.

ಗುರುಗಳೇ, ಈಗ ಹೇಳಿ: 36 ವರ್ಷವೆಂಬ ಸಂಖ್ಯೆಗಿಂತ ಈ ಜಗಳ ಹೆಚ್ಚು ಸ್ವಾರಸ್ಯವಾಗಿಲ್ಲವೇ?

ಈ ಗೊಂದಲ ಹೊಸದೂ ಅಲ್ಲ. ತಿರುಗುವ ನಕ್ಷತ್ರದ ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಸಿಗುವ ಪಟ್ಟಿಯಲ್ಲಿ ಕಪ್ಪುಗೆರೆಗಳು ಅಗಲವಾಗಬೇಕೆಂದು ಇಂಗ್ಲೆಂಡಿನ ವಿಲಿಯಂ ಆಬ್ನಿ 1877ರಲ್ಲೇ ಸೂಚಿಸಿದ್ದರು. ಆದರೆ ಗೆರೆ ಅಗಲವಾಗಲು ಬೇರೆ ಕಾರಣಗಳೂ ಇವೆ. ನಮ್ಮವರೇ ಆದ ವೈನು ಬಾಪ್ಪು ಅವರು ಅಮೆರಿಕದ ಓಲಿನ್ ವಿಲ್ಸನ್ ಅವರೊಡನೆ 1957ರಲ್ಲಿ ತೋರಿಸಿದ್ದು ಇಂಥದೇ ಒಂದು ಸಂಗತಿ. ತಂಪಾದ ನಕ್ಷತ್ರಗಳ ಕ್ಯಾಲ್ಸಿಯಂ ಗೆರೆಯ ನಡುವೆ ಹೊಳೆಯುವ ಭಾಗವು ನಕ್ಷತ್ರ ಹೆಚ್ಚು ಪ್ರಕಾಶದ ದೈತ್ಯವಾದಷ್ಟೂ ಅಗಲವಾಗುತ್ತದೆ. ಆದ್ದರಿಂದ ಆ ಅಗಲ ಹೇಳುವುದು ತಿರುಗುವ ವೇಗವನ್ನಲ್ಲ, ಪ್ರಕಾಶವನ್ನು. ವಿಲ್ಸನ್–ಬಾಪ್ಪು ಪರಿಣಾಮವೆಂದು ಇದು ಜಗತ್ತಿನಾದ್ಯಂತ ಪ್ರಸಿದ್ಧ. ಬಾಪ್ಪು ಕಟ್ಟಿ ಬೆಳೆಸಿದ ಖಭೌತ ಸಂಸ್ಥೆ ಬೆಂಗಳೂರಿನ ಕೋರಮಂಗಲದಲ್ಲಿದೆ. ಆ ಬಡಾವಣೆಯ ಹೋಟೆಲುಗಳ ಹೆಸರು ಬಲ್ಲ ನಮ್ಮ ಹುಡುಗರು ಬಾಪ್ಪು ಹೆಸರನ್ನು ಕೇಳಿಯೇ ಇಲ್ಲ.

ದೈತ್ಯವಾಗುತ್ತ ನಕ್ಷತ್ರ ನಿಧಾನವಾಗುತ್ತದೆಂಬುದಕ್ಕೆ ಪುರಾವೆ ಬೇಕಾದರೆ ಬ್ರಹ್ಮಹೃದಯವಿದೆ. ಬರಿಗಣ್ಣಿಗೆ ಒಂದೇ ಆಗಿ ಕಾಣುವ ಆ ಚುಕ್ಕೆ ವಾಸ್ತವವಾಗಿ ಎರಡು ದೈತ್ಯಗಳ ಜೋಡಿ. ಎರಡರ ತೂಕವೂ ಹೆಚ್ಚು ಕಡಿಮೆ ಒಂದೇ, ಎರಡೂ ಸೂರ್ಯನ ಎರಡೂವರೆ ಪಟ್ಟಿನ ಆಸುಪಾಸು. ಆದರೆ ತುಸು ಭಾರವಾದದ್ದು ವಯಸ್ಸಿನ ಹಾದಿಯಲ್ಲಿ ಮುಂದೆ ಹೋಗಿದೆ. ಅದು ಒಂದು ಸುತ್ತಿಗೆ ಸುಮಾರು 104 ದಿನ ತೆಗೆದುಕೊಂಡರೆ, ಇನ್ನೂ ಉಬ್ಬುತ್ತಿರುವ ಜೊತೆಗಾರ ಎಂಟೊಂಬತ್ತು ದಿನಗಳಲ್ಲೇ ಸುತ್ತು ಮುಗಿಸುತ್ತದೆ. ಹೊರಮೈ ಹೀಗೆ ಉಬ್ಬುವಾಗ ಒಳತಿರುಳು ಕುಗ್ಗುತ್ತದೆ, ಆದ್ದರಿಂದ ಅದು ಬಿರುಸಾಗಿ ತಿರುಗಬೇಕು. ದುಡಿ ಬಾರಿಸುವವನು ಹಗ್ಗ ಬಿಗಿದನೋ ಸಡಿಲಿಸಿದನೋ ಎಂಬುದನ್ನು ನಾವು ಬರಿಯ ನಾದದಿಂದಲೇ ಹೇಳುವ ಹಾಗೆ, ಕೆಪ್ಲರ್ ದೂರದರ್ಶಕವು ಕೆಂಪು ದೈತ್ಯಗಳ ಬೆಳಕಿನ ಕಂಪನವನ್ನು ಹಿಡಿದು ಆ ತಿರುಳಿನ ವೇಗವನ್ನು ತಿಳಿಸಿತು. 2012ರಲ್ಲಿ ಪ್ರಕಟವಾದ ಫಲಿತಾಂಶದಂತೆ ತಿರುಳು ಹೊರಮೈಗಿಂತ ಹತ್ತು ಪಟ್ಟಾದರೂ ವೇಗವಾಗಿ ಸುತ್ತುತ್ತದೆ. ಆದರೆ ಸಿದ್ಧಾಂತ ನಿರೀಕ್ಷಿಸಿದ್ದ ವೇಗ ಇದಕ್ಕಿಂತ ಎಷ್ಟೋ ಹೆಚ್ಚು. ಒಳಗಡೆ ಏನೋ ಬ್ರೇಕ್ ಹಾಕುತ್ತಿದೆ. ಕಾಂತಕ್ಷೇತ್ರವೆಂದು ಕೆಲವರು, ಒಳಗಿನ ಅಲೆಗಳೆಂದು ಕೆಲವರು. ಇತ್ಯರ್ಥವಾಗಿಲ್ಲ.

ಇಂಥ ವಿಷಯಕ್ಕೆ ನಮ್ಮಲ್ಲಿ ಜಾಗ ಸಿಗುವುದಿಲ್ಲ. 2019ರ ಕೊನೆಯಿಂದ 2020ರ ಆರಂಭದವರೆಗೆ ಆರ್ದ್ರೆ ಮಂಕಾದಾಗ, ಅದು ಇಂದೋ ನಾಳೆಯೋ ಸಿಡಿಯುತ್ತದೆಂಬ ಸುದ್ದಿ ಎಲ್ಲೆಡೆ ಹಬ್ಬಿತು. ಅದೇ ಉಗುಳಿದ ವಸ್ತು ತಂಪಾಗಿ ಧೂಳಿನ ಮರೆಯಾಗಿತ್ತೆಂದು ಆಮೇಲೆ ತಿಳಿದಾಗ ಅದನ್ನು ಅಚ್ಚು ಹಾಕಿದವರು ವಿರಳ. ಸಿಡಿಯುವುದು ನಿಜವಾದರೂ ಅದಕ್ಕೆ ಲಕ್ಷ ವರ್ಷ ಹಿಡಿದೀತು. ಶಾಲೆಯಲ್ಲೂ ಇದೇ ಕಥೆ. ‘ಒಂದು ವಾಕ್ಯದಲ್ಲಿ ಉತ್ತರಿಸಿರಿ’ ಎಂದು ಪ್ರಶ್ನೆಪತ್ರಿಕೆ ಬರೆದು ಬರೆದು ಸಂಖ್ಯೆಯನ್ನಷ್ಟೇ ಉಳಿಸಿ, ಅದನ್ನು ಅಳೆದ ಬಗೆಯನ್ನು ಕಳೆದುಬಿಟ್ಟಿದ್ದೇವೆ. ತಾವೂ ಅಂಥ ಪ್ರಶ್ನೆಗಳನ್ನು ತಯಾರಿಸಿರಬಹುದು; ನಾನಂತೂ ಪ್ರತಿ ತಿಂಗಳೂ ರಸಪ್ರಶ್ನೆಯ ಹೆಸರಿನಲ್ಲಿ ಅದನ್ನೇ ಮಾಡುತ್ತಿದ್ದೇನೆ. ಮೊಮ್ಮಗಳಿಗೆ ಹೇಳಿ: ‘ತಿರುಗುತ್ತಿದ್ದರೆ ಸುಮಾರು 36 ವರ್ಷ’ ಎಂದು ಬರೆಯಲಿ. ಅಂಕ ಕಳೆದರೆ ಉತ್ತರಪತ್ರಿಕೆಯ ಪ್ರತಿಯನ್ನು ನನಗೆ ಕಳುಹಿಸಲಿ, ಅಚ್ಚು ಹಾಕುತ್ತೇನೆ.

ಇನ್ನೊಂದು ಮಾತು. ಆರಿದ್ರಾ ಮಳೆಯ ಹೊತ್ತಿಗೆ ಆ ನಕ್ಷತ್ರ ಸೂರ್ಯನ ಸನಿಹದಲ್ಲಿರುವುದರಿಂದ, ಮೋಡವಿಲ್ಲದಿದ್ದರೂ ಕಾಣುವುದಿಲ್ಲ. ಪುತ್ತರಿಯ ರಾತ್ರಿ ಕದಿರು ತೆಗೆದು ‘ಪೊಲಿ ಪೊಲಿ ದೇವಾ’ ಎನ್ನುತ್ತ ಮನೆಗೆ ಮರಳುವ ಮುನ್ನ, ಅವಳನ್ನು ಗದ್ದೆಯ ಬದುವಿನ ಮೇಲೆ ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿ. ಚಂದ್ರನ ಬಳಿ ರೋಹಿಣಿ ಇರುತ್ತದೆ. ಅದೂ ಸೂರ್ಯನ ನಲವತ್ತಕ್ಕೂ ಹೆಚ್ಚು ಪಟ್ಟು ಅಗಲದ ದೈತ್ಯವೇ, ಒಂದು ಸುತ್ತಿಗೆ ವರ್ಷಕ್ಕೂ ಹೆಚ್ಚು ಕಾಲ ತೆಗೆದುಕೊಳ್ಳುವಂಥದು. ಅದರ ಕೆಳಗೆ, ಬೆಟ್ಟದ ಸಾಲಿನಿಂದ ತುಸು ಮೇಲೆ ಆರ್ದ್ರೆ. ಎದುರಿನ ಹೋಮ್‌ಸ್ಟೇಯ ದೀಪ ಕಣ್ಣಿಗೆ ಹೊಡೆದರೆ ಕಣದ ಆಚೆ ಬದಿಗೆ ಕರೆದುಕೊಂಡು ಹೋಗಿ. ಎರಡರಲ್ಲಿ ಯಾವುದು ಹೆಚ್ಚು ಕೆಂಪೆಂದು ಅವಳು ತಾನೇ ನೋಡಿ, ತನ್ನ ಕೈಯಾರೆ ನಮಗೆ ಬರೆಯಲಿ.