ಕಾಲುವೆ ಒಣಗಿದ್ದೇಕೆ ಎಂದು ಮೊದಲು ಕೇಳಿಸಿ

ಮಾನ್ವಿ ತಾಲ್ಲೂಕಿನ ಪ್ರೌಢಶಾಲೆಯೊಂದರ ಸಮಾಜ ವಿಜ್ಞಾನ ಶಿಕ್ಷಕರು ಬರೆದಿದ್ದಾರೆ: “ನಮ್ಮ ಹತ್ತನೇ ತರಗತಿಯ ಮಕ್ಕಳು ನಕಾಶೆಯಲ್ಲಿ ತುಂಗಭದ್ರಾ ಅಣೆಕಟ್ಟನ್ನು ಕಣ್ಣುಮುಚ್ಚಿ ಗುರುತಿಸುತ್ತಾರೆ. ಡ್ಯಾಂ ತುಂಬಿದ ವರ್ಷವೂ ಶಾಲೆಯ ಹಿಂದಿನ ಕಾಲುವೆಗೆ ನೀರು ಯಾಕೆ ಬರಲಿಲ್ಲ ಎಂದರೆ ಮಿಕಮಿಕ ನೋಡುತ್ತಾರೆ. ಪತ್ರಿಕೆಯವರು ಒಂದು ನಕಾಶೆ ಪುರವಣಿ ತಂದರೆ ಉಪಕಾರವಾದೀತು.”

ಗುರುಗಳೇ, ಪುರವಣಿ ತರುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಅಚ್ಚಾದ ನಕಾಶೆ ಕೈಗೆ ಸಿಕ್ಕರೆ ಮಕ್ಕಳು ಇನ್ನೊಂದಿಷ್ಟು ಚುಕ್ಕೆ ಬಾಯಿಪಾಠ ಮಾಡುತ್ತಾರೆ, ಅಷ್ಟೆ. ನಾನೂ ಹಾಗೇ ಪಾಸಾದವನು. ಕರ್ಕಾಟಕ ಸಂಕ್ರಾಂತಿ ವೃತ್ತ ಎಳೆಯಲು ಬರುತ್ತಿತ್ತು, ನಮ್ಮೂರ ಹಳ್ಳ ಯಾವ ಹೊಳೆಗೆ ಸೇರುತ್ತದೆಂದು ತಿಳಿದದ್ದು ನೌಕರಿ ಹಿಡಿದ ಮೇಲೆ.

ನಿಮ್ಮ ಪತ್ರದ ಪ್ರಶ್ನೆಯೇ ಪಾಠ. ಕಟ್ಟಿದಾಗ 133 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ನೀರು ಹಿಡಿಯುತ್ತಿದ್ದ ಜಲಾಶಯ ಈಗ ಸುಮಾರು 105 ಹಿಡಿಯುತ್ತದೆ. ಉಳಿದದ್ದು ಹೂಳಿನ ಪಾಲು. ಮಣ್ಣಿನ ಸವೆತದ ಪಾಠಕ್ಕೆ ಇದಕ್ಕಿಂತ ಉದಾಹರಣೆ ಬೇಕೇ? ಎಡದಂಡೆ ಕಾಲುವೆಯ ನೀರನ್ನು ಹೆಚ್ಚಾಗಿ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳಿಗೆಂದು ಹಂಚಿದ್ದರು. ಆದರೆ ಕಾಲುವೆಯ ಮೇಲ್ಭಾಗದ ಗಂಗಾವತಿ, ಸಿಂಧನೂರು ಕಡೆ ಹೆಚ್ಚು ನೀರು ಕುಡಿಯುವ ಭತ್ತದ ಗದ್ದೆಗಳು ಹಬ್ಬಿದವು. ಹಾಗಾಗಿ ಡ್ಯಾಂ ತುಂಬಿದರೂ ನಿಮ್ಮಂಥ ಕೊನೆ ಭಾಗಕ್ಕೆ ನೀರು ಮುಟ್ಟುವುದು ಕಷ್ಟ. ನೀರು ಬಿಡುವ ದಿನ ಗೊತ್ತುಮಾಡುವ ನೀರಾವರಿ ಸಲಹಾ ಸಮಿತಿಯಲ್ಲಿ ಯಾರಿರುತ್ತಾರೆ ಎಂದು ಮಕ್ಕಳು ವಿಚಾರಿಸಿಕೊಂಡು ಬರಲಿ. ಪೌರನೀತಿಯೂ ಅದರಲ್ಲೇ ಆಗಿಹೋಗುತ್ತದೆ.

ಒಂದು ಎಚ್ಚರಿಕೆ. ಇದು ನಮ್ಮ ಕಡೆ ಜಗಳದ ಮಾತು. “ಮೇಲಿನವರು ನೀರುಗಳ್ಳರು” ಅಂತ ಯಾವುದೋ ಹುಡುಗ ಮನೆಯಲ್ಲಿ ಕೇಳಿದ್ದನ್ನು ಅಂದೇ ಅನ್ನುತ್ತಾನೆ; ಪಕ್ಕದಲ್ಲೇ ಕ್ಯಾಂಪಿನ, ಅಂದರೆ ಆಂಧ್ರದ ಕಡೆಯಿಂದ ಬಂದು ಭತ್ತ ಬೆಳೆಯುತ್ತ ನೆಲೆಸಿದವರ ಊರಿನ, ಹುಡುಗಿ ಕೂತಿರಬಹುದು. ನೀವು ಪಂಚಾಯ್ತಿಗೆ ಕೂರಬೇಡಿ. ಎಕರೆ ಜೋಳಕ್ಕೆಷ್ಟು ದುಡ್ಡು ಬಂತು, ಭತ್ತಕ್ಕೆಷ್ಟು ಬಂತು ಎಂದು ಇಬ್ಬರೂ ಮನೆಯಲ್ಲಿ ಲೆಕ್ಕ ಕೇಳಿಕೊಂಡು ಬರಲಿ. ಭತ್ತ ಯಾಕೆ ಹಬ್ಬಿತೆಂಬುದು ಆ ಲೆಕ್ಕದಲ್ಲಿ ಸಿಗುತ್ತದೆ.

ನಕಾಶೆಯನ್ನು ಮಕ್ಕಳೇ ಬರೆಯಲಿ. ಹತ್ತು ಹೆಜ್ಜೆಗೆ ಒಂದು ಸೆಂಟಿಮೀಟರ್ ಸಾಕು. ಉತ್ತರ ದಿಕ್ಕು ಕಂಡುಕೊಳ್ಳಲು ಅಂಗಳದಲ್ಲಿ ಕೋಲು ನೆಡಿಸಿ; ಅದರ ನೆರಳು ಅತಿ ಗಿಡ್ಡವಾದಾಗ ಉತ್ತರ-ದಕ್ಷಿಣವಾಗಿ ಬಿದ್ದಿರುತ್ತದೆ. ಜೂನ್‌ನಲ್ಲಿ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ, ದಸರೆಯ ಹೊತ್ತಿಗೆ ಉತ್ತರಕ್ಕೆ. ಬರೀ ಪುಸ್ತಕ ಓದಿದವರು ಇಲ್ಲಿ ತಬ್ಬಿಬ್ಬಾಗುತ್ತಾರೆ! ನೆರಳು ಅತಿ ಗಿಡ್ಡವಾಗುವುದು ಹನ್ನೆರಡಕ್ಕಲ್ಲ. ವರ್ಷದ ಸರಾಸರಿ ತೆಗೆದರೆ ಸುಮಾರು 12 ಗಂಟೆ 22 ನಿಮಿಷಕ್ಕೆ. ನಮ್ಮ ಗಡಿಯಾರ ನಡೆಯುವುದು ಮಿರ್ಜಾಪುರದ ಬಳಿ ಹಾಯುವ 82½ ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ಮಾನ್ವಿ ಇರುವುದು 77ರ ಆಸುಪಾಸಿನಲ್ಲಿ. ಪರೀಕ್ಷೆಗೆಂದು ಉರು ಹೊಡೆದ ಗೆರೆ ನಿಮ್ಮ ಅಂಗಳಕ್ಕೇ ಬಂತಲ್ಲ.

ಸಿಲೆಬಸ್ ಉಳಿದೀತು ಎಂಬ ಚಿಂತೆಯಿದ್ದರೆ ಒಂಬತ್ತನೇ ತರಗತಿಯವರನ್ನು ಕರೆದುಕೊಳ್ಳಿ, ಕಾಲುವೆಗೆ ಎರಡು ಶನಿವಾರ ಸಾಕು. ನಕಾಶೆ ನಮಗೆ ಕಳಿಸಿ. ಅಳತೆಯೂ ಉತ್ತರದ ಬಾಣವೂ ಇರಲಿ. ಕಾಲುವೆ ಸೊಟ್ಟಗಿದ್ದರೂ ಹಾಗೇ ಅಚ್ಚು ಹಾಕುತ್ತೇವೆ.

– ಸಂ.