ರೋಮಿನ ಎರಡು ಆಂಗ್ಲಿಕನ್ ಚರ್ಚುಗಳು: ಒಬ್ಬನೇ ವಾಸ್ತುಶಿಲ್ಪಿಯೇ?

ರೋಮಿನಲ್ಲಿರುವ ಅಮೆರಿಕನ್ನರ ಸಂತ ಪೌಲರ ಚರ್ಚು ಮತ್ತು ಇಂಗ್ಲಿಷರ ಆಲ್ ಸೇಂಟ್ಸ್ ಚರ್ಚು ಒಬ್ಬರದೇ ಕೃತಿಗಳೇ ಎಂದು ತಾವು ಕೇಳಿದ್ದೀರಿ. ಹೌದು, ಎರಡನ್ನೂ ವಿನ್ಯಾಸಗೊಳಿಸಿದವನು ಲಂಡನ್ನಿನ ನ್ಯಾಯಾಲಯ ಕಟ್ಟಡದ ಶಿಲ್ಪಿ ಜಾರ್ಜ್ ಎಡ್ಮಂಡ್ ಸ್ಟ್ರೀಟ್.

ಪೋಪರ ಆಳ್ವಿಕೆ ಇದ್ದಷ್ಟು ಕಾಲ ಪೋಪರ ಅಧಿಕಾರವನ್ನು ಒಪ್ಪದ ಪ್ರಾಟೆಸ್ಟೆಂಟರು (ಆಂಗ್ಲಿಕನ್ನರೂ ಇವರಲ್ಲಿ ಸೇರಿದವರು) ನಗರದ ಕೋಟೆಯೊಳಗೆ ಚರ್ಚು ಕಟ್ಟುವಂತಿರಲಿಲ್ಲ. 1816ರಲ್ಲೇ ಆರಾಧನೆ ಆರಂಭಿಸಿದ್ದ ಇಂಗ್ಲಿಷರು ಬಹುಕಾಲ ಪೊಪೊಲೊ ದ್ವಾರದ ಹೊರಗೆ ಸೇರುತ್ತಿದ್ದರು. 1870ರಲ್ಲಿ ರೋಮ್ ಇಟಲಿ ರಾಜ್ಯಕ್ಕೆ ಸೇರಿದ ಮೇಲೆ ಈ ತಡೆ ಹೋಯಿತು. ಅಮೆರಿಕನ್ನರ ಚರ್ಚು 1876ರಲ್ಲಿ ಪ್ರತಿಷ್ಠಾಪನೆಗೊಂಡಿತು, ಅದರ ಹೆಸರಿನಲ್ಲಿ 'ಗೋಡೆಗಳೊಳಗಿನ' ಎಂಬ ವಿಶೇಷಣ ಸೇರಿರುವುದರ ಹಿನ್ನೆಲೆ ಇದೇ.

ಆದರೆ ಶೈಲಿ ಒಂದೇ ಅಲ್ಲ. ಸಂತ ಪೌಲರ ಚರ್ಚಿನಲ್ಲಿ ಕೆಂಪು ಇಟ್ಟಿಗೆ, ಬಿಳಿ ಟ್ರಾವರ್ಟೀನ್ ಕಲ್ಲಿನ ಪಟ್ಟೆಗಳು ಇಟಲಿಯ ಮಧ್ಯಯುಗವನ್ನು ನೆನಪಿಸುತ್ತವೆ. ಒಳಗಿನ, ಇಂಗ್ಲಿಷ್ ಚಿತ್ರಕಾರ ಬರ್ನ್-ಜೋನ್ಸ್ ವಿನ್ಯಾಸದ ಮೊಸಾಯಿಕ್‌ಗಳನ್ನು (ಬಣ್ಣದ ಚೂರುಗಳನ್ನು ಜೋಡಿಸಿದ ಚಿತ್ರಗಳನ್ನು) ನೋಡಲೆಂದೇ ಅಲ್ಲಿಗೆ ಹೋಗಬಹುದು. ಆಲ್ ಸೇಂಟ್ಸ್ ಮಾತ್ರ ಇಂಗ್ಲೆಂಡಿನ ಯಾವುದೋ ಊರಿನಿಂದ ಎತ್ತಿ ತಂದಿಟ್ಟಂತಹ ಇಟ್ಟಿಗೆಯ, ಚೂಪು ಕಮಾನುಗಳ ಗಾಥಿಕ್ ಶೈಲಿಯ ಕಟ್ಟಡ. ಅದರ ಅಡಿಗಲ್ಲು ಬಿದ್ದದ್ದು 1882ರಲ್ಲಿ, ಸ್ಟ್ರೀಟ್ ತೀರಿಕೊಂಡ ಕೆಲವೇ ತಿಂಗಳ ನಂತರ. 1887ರಲ್ಲಿ ಅದು ಆರಾಧನೆಗೆ ತೆರೆದರೂ ಬಿಳಿಯ ಶಿಖರ ಪೂರ್ಣಗೊಳ್ಳಲು 1937ರವರೆಗೆ ಕಾಯಬೇಕಾಯಿತು. ಒಂದು ಕಾಲದಲ್ಲಿ ಕೋಟೆಯಿಂದಾಚೆಗೇ ಇರಬೇಕಾಗಿದ್ದ ಈ ಸಭೆಯನ್ನು 2017ರಲ್ಲಿ ಪೋಪ್ ಫ್ರಾನ್ಸಿಸ್ ಸ್ವತಃ ಭೇಟಿಮಾಡಿದರು.